ಮೊದಲ ದೋಣಿ: ಕೊಳ್ಳುವ ಮುನ್ನ ಒಂದು ಲೆಕ್ಕ



ಉತ್ತರ ಕನ್ನಡ ಜಿಲ್ಲೆಯಲ್ಲಿ ದೋಣಿ ಎಂದೊಡನೆ ಕಾರವಾರ, ಹೊನ್ನಾವರಗಳ ಕಡಲು ಕಣ್ಣ ಮುಂದೆ ಬರುತ್ತದೆ. ಆದರೆ ಘಟ್ಟದ ಮೇಲಿನ ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡಗಳಲ್ಲಿಯೂ ನೀರಿದೆ, ಮೀನಿದೆ, ದೋಣಿಯ ಬದುಕಿದೆ. ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ ನದಿ ಸುಮಾರು 184 ಕಿಲೋಮೀಟರ್ ಹರಿದು ಅರಬ್ಬಿ ಸಮುದ್ರವನ್ನು ಸೇರುತ್ತದೆ. ಗಣೇಶಗುಡಿಯಲ್ಲಿ ಅದಕ್ಕೆ ಅಡ್ಡಲಾಗಿ ನಿಂತಿರುವ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್. ಹಳೆಯ ಸೂಪಾ ಊರು ಇಂದು ಅದರ ಹಿನ್ನೀರಿನ ತಳದಲ್ಲಿದೆ. ದಾಂಡೇಲಿಯಿಂದ ಕೆಳಗೆ ಬೊಮ್ಮನಹಳ್ಳಿ ಜಲಾಶಯ. ಮುಂಡಗೋಡದಲ್ಲಿ ಅತ್ತಿವೇರಿ ಜಲಾಶಯ. ಹಳಿಯಾಳದ ಕಡೆ ಕೆರೆಗಳು.

ಈ ಸೀಮೆಯ ಒಂದು ಮನೆಯವರು ಮೊದಲ ಬಾರಿಗೆ ಹೊಸ ದೋಣಿ ಕೊಳ್ಳಬೇಕೆಂದಿದ್ದಾರೆ ಎಂದುಕೊಳ್ಳೋಣ. ವಾರದ ದಿನಗಳಲ್ಲಿ ಮೀನು ಹಿಡಿಯಬೇಕು, ಬಿಡುವಿನಲ್ಲಿ ನೆಂಟರಿಷ್ಟರನ್ನು ಕೂರಿಸಿಕೊಂಡು ಸುತ್ತಾಡಬೇಕು. ಹಣ ಸಾಲದ್ದು. ಅಂಗಡಿಯವರು ಬಣ್ಣ ತೋರಿಸುತ್ತಾರೆ, ಎಂಜಿನ್ನಿನ ಅಶ್ವಶಕ್ತಿ ಹೇಳುತ್ತಾರೆ. ಆ ಮನೆಯಲ್ಲಿ ಲೆಕ್ಕ ಹಾಕಬಲ್ಲವರು ಯಾರು? ಆರ್ಕಿಮಿಡೀಸನ ನಿಯಮವನ್ನು ಶಾಲೆಯಲ್ಲಿ ಓದಿರುವ ನೀವು!

ಮೊದಲ ಪ್ರಶ್ನೆ: ಯಾವ ನೀರಿಗೆ? ಸಣ್ಣ ಕೆರೆಗೆ ಹರಿಗೋಲು ಸಾಕು. ಬಿದಿರಿನ ಹಂದರಕ್ಕೆ ಹಿಂದೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಫೈಬರಿನ ಹರಿಗೋಲೂ ಉಂಟು. ಅದು ಗೇಣುದ್ದದ ನೀರಿನಲ್ಲೂ ತೇಲುತ್ತದೆ, ಹೆಗಲ ಮೇಲೆ ಹೊತ್ತೊಯ್ಯಬಹುದು. ಆದರೆ ದುಂಡಗಿರುವುದರಿಂದ ಗಾಳಿಗೆ ತಿರುಗುತ್ತದೆ, ನೇರವಾಗಿ ಸಾಗಲು ಶ್ರಮ ಬೇಕು. ಸೂಪಾದಂತಹ ವಿಶಾಲ ಹಿನ್ನೀರಿನಲ್ಲಿ ಗಾಳಿ ಬಹುದೂರ ಅಡೆತಡೆಯಿಲ್ಲದೆ ಬೀಸಿ ಅಲೆಗಳನ್ನು ಬೆಳೆಸುತ್ತದೆ. ಅಲ್ಲಿ ಮೂತಿ ಚೂಪಾದ, ಉದ್ದನೆಯ ದೋಣಿಯೇ ಬೇಕು. ಚಪ್ಪಟೆ ತಳದ ದೋಣಿ ನಿಂತ ನೀರಿನಲ್ಲಿ ಅಲುಗಾಡದು, ಆದರೆ ಅಲೆಗೆ ತಳ ಬಡಿದುಕೊಳ್ಳುತ್ತದೆ. ಮುಂಭಾಗದಲ್ಲಿ ತುಸು ಇಳಿಜಾರಾಗಿ ಹಿಂದೆ ಚಪ್ಪಟೆಯಾಗುವ ತಳ ಎರಡೂ ಕೆಲಸಕ್ಕೆ ಹೊಂದುತ್ತದೆ.

ಎರಡನೆಯದು, ಹೊರೆ. ನಾಲ್ಕು ಮೀಟರ್ ಉದ್ದ, 1.2 ಮೀಟರ್ ಅಗಲ, 40 ಸೆಂಟಿಮೀಟರ್ ಆಳದ ದೋಣಿಯನ್ನು ತೆಗೆದುಕೊಳ್ಳಿ. ತುದಿಗಳು ಕಿರಿದಾಗುವುದರಿಂದ ನೀರಿನ ಮೇಲೆ ಅದು ಆವರಿಸುವ ಜಾಗ ಸುಮಾರು 3.6 ಚದರ ಮೀಟರ್. ಒಂದು ಸೆಂಟಿಮೀಟರ್ ಮುಳುಗಿದರೆ ಅದು ಸರಿಸುವ ನೀರು 36 ಲೀಟರ್, ಅಂದರೆ 36 ಕಿಲೋಗ್ರಾಂ. ಈಗ ದೋಣಿ 120, ಎಂಜಿನ್ ಮತ್ತು ಪೆಟ್ರೋಲ್ 30, ನಾಲ್ವರು 240, ಬಲೆ, ಐಸು, ಮೀನು 60. ಒಟ್ಟು 450 ಕಿಲೋಗ್ರಾಂ. ಭಾಗಿಸಿದರೆ 12.5 ಸೆಂಟಿಮೀಟರ್. ತಳ ಕೆಳಗೆ ಕಿರಿದಾಗಿರುವುದರಿಂದ 15 ಎಂದೇ ಹಿಡಿಯೋಣ. ನೀರಿನಿಂದ ಅಂಚಿಗೆ 25 ಸೆಂಟಿಮೀಟರ್ ಉಳಿಯಿತು.

ಇನ್ನೂ ನಾಲ್ವರು ಹತ್ತಿದರೆ? ಮತ್ತೆ ಸುಮಾರು 7 ಸೆಂಟಿಮೀಟರ್ ಇಳಿಯುತ್ತದೆ, ಉಳಿದದ್ದು 18. ‘ಮುಳುಗಲಿಲ್ಲವಲ್ಲ’ ಎಂದು ಎಲ್ಲರೂ ನಗಬಹುದು. ಆದರೆ ಎಲ್ಲರೂ ಒಂದೇ ಕಡೆ ವಾಲಿ ದೋಣಿ 15 ಡಿಗ್ರಿ ಓರೆಯಾದರೆ ಒಂದು ಬದಿಯ ಅಂಚು 15 ಸೆಂಟಿಮೀಟರಿಗೂ ಮಿಕ್ಕಿ ಕೆಳಗಿಳಿಯುತ್ತದೆ. ತ್ರಿಕೋನಮಿತಿ ಕಲಿತವರು ಪರೀಕ್ಷಿಸಿ: ಅರ್ಧ ಅಗಲ 60 ಸೆಂಟಿಮೀಟರ್, ಅದನ್ನು 15 ಡಿಗ್ರಿಯ ಸೈನ್‌ನಿಂದ ಗುಣಿಸಿ. ನಾಲ್ವರಿದ್ದಾಗ ಇನ್ನೂ ನಾಲ್ಕು ಬೆರಳಷ್ಟು ಅಂಚು ಇತ್ತು. ಎಂಟು ಮಂದಿಯಾದಾಗ ಬರೀ ಎರಡು ಸೆಂಟಿಮೀಟರ್ ಚಿಲ್ಲರೆ. ಒಂದು ಚಿಕ್ಕ ಅಲೆ ಸಾಕು. ಒಳಗೆ ಬಂದ ನೀರು ವಾಲಿದ ಕಡೆಗೇ ಓಡಿ ದೋಣಿಯನ್ನು ಮತ್ತಷ್ಟು ವಾಲಿಸುತ್ತದೆ.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. ನಮ್ಮ ಕಾಳಿ ಸಮುದ್ರ ಸೇರುವಲ್ಲಿಂದ ಅದು ದೂರವೇನಲ್ಲ. ದೋಣಿಯ ಲೆಕ್ಕ ಪರೀಕ್ಷೆಯ ಅಂಕಗಳಿಗಾಗಿ ಮಾತ್ರವಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು.

ಮೂರನೆಯದು, ಅಗಲ. ದೋಣಿ ವಾಲಿದಾಗ ತನ್ನನ್ನು ತಾನೇ ನೆಟ್ಟಗೆ ಮಾಡಿಕೊಳ್ಳುವ ಶಕ್ತಿ ಮುಖ್ಯವಾಗಿ ಅಗಲದ ಘನವನ್ನು ಅವಲಂಬಿಸಿದೆ. ಅಗಲ 1.2ರಿಂದ 1.4 ಮೀಟರಿಗೆ ಏರಿದರೆ ಈ ಗುಣ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಹಾಗೆಯೇ, ಕುಳಿತವರು ಎದ್ದು ನಿಂತರೆ ಗುರುತ್ವ ಕೇಂದ್ರ ಮೇಲೇರಿ ಸ್ಥಿರತೆ ಕುಗ್ಗುತ್ತದೆ. ದೋಣಿಯಲ್ಲಿ ಚಿತ್ರೀಕರಣ ನಡೆಸುವಾಗ ಕ್ಯಾಮೆರಾ ಹಿಡಿದವರು ಎಷ್ಟೇ ಒಳ್ಳೆಯ ದೃಶ್ಯ ಕಂಡರೂ ಕುಳಿತೇ ತೆಗೆಯಬೇಕೆಂಬುದು ನಮ್ಮ ತಂಡದ ನಿಯಮ. ಬಲೆ ಎಳೆಯುವವರಿಗೆ ನಿಲ್ಲದೆ ಗತ್ಯಂತರವಿಲ್ಲ. ಆದ್ದರಿಂದ ಮೀನಿನ ದೋಣಿ ಅಗಲವಾಗಿಯೇ ಇರಬೇಕು.

ನಾಲ್ಕನೆಯದು, ಯಾವ ವಸ್ತು? ಮರ ತಾನಾಗಿ ತೇಲುತ್ತದೆ, ಆದರೆ ವರ್ಷವರ್ಷವೂ ಆರೈಕೆ ಕೇಳುತ್ತದೆ. ಅಲ್ಯೂಮಿನಿಯಂ ಹಗುರ, ನೀರಿನಡಿಯ ಮರದ ಬೊಡ್ಡೆಗೆ ತಾಗಿದರೆ ನೆಗ್ಗುತ್ತದೆ, ಸುಲಭವಾಗಿ ಒಡೆಯದು. ಕಾಡು ಮುಳುಗಿರುವ ಹಿನ್ನೀರಿನಲ್ಲಿ ಇದು ಸಣ್ಣ ಮಾತಲ್ಲ. ಫೈಬರ್ ಕೊಳೆಯದು, ದುರಸ್ತಿಯೂ ಸುಲಭ. ಆದರೆ ಅದು ನೀರಿಗಿಂತ ಸುಮಾರು ಒಂದೂವರೆ ಪಟ್ಟು ಸಾಂದ್ರ. 120 ಕಿಲೋಗ್ರಾಂ ಫೈಬರ್ ಸರಿಸುವ ನೀರು 80 ಕಿಲೋಗ್ರಾಂ ಮಾತ್ರ. ನೀರು ತುಂಬಿದರೆ ಉಳಿದ 40 ಕಿಲೋಗ್ರಾಂ ಅದನ್ನು ತಳಕ್ಕೆಳೆಯುತ್ತದೆ. ಎಂಜಿನ್ನಿನ ಭಾರ ಬೇರೆ. ಆದ್ದರಿಂದ ಆಸನಗಳ ಕೆಳಗೆ ಫೋಮ್ ತುಂಬಿದ ಮುಚ್ಚಿದ ಪೆಟ್ಟಿಗೆಗಳಿರಬೇಕು. ಒಂದು ಲೀಟರ್ ಫೋಮ್ ಸುಮಾರು ಒಂದು ಕಿಲೋಗ್ರಾಂ ಭಾರವನ್ನು ಎತ್ತಿಹಿಡಿಯುತ್ತದೆ. ದೋಣಿ ಮುಳುಗದಿರಲು ಎಷ್ಟು, ಅದನ್ನು ಹಿಡಿದು ತೇಲುವವರಿಗೆ ಎಷ್ಟು ಎಂದು ಕೇಳಿ. ಫೈಬರಿನ ಮೈಯನ್ನು ನಾಣ್ಯದಿಂದ ತಟ್ಟಿ ನೋಡಿ. ಒಂದೇ ತೆರನ ಗಟ್ಟಿ ಸದ್ದಿನ ನಡುವೆ ಎಲ್ಲಾದರೂ ಬೋಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿರಬಹುದು.

ಐದನೆಯದು, ಎಂಜಿನ್. ನೀರನ್ನು ಸೀಳಿಕೊಂಡು ಸಾಗುವ ನಾಲ್ಕು ಮೀಟರಿನ ದೋಣಿಯ ಸಹಜ ವೇಗದ ಮಿತಿ ಗಂಟೆಗೆ ಸುಮಾರು 9 ಕಿಲೋಮೀಟರ್. ಅದನ್ನು ಮೀರಲು ಹೊರಟರೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕು. ಪೆಟ್ರೋಲ್ ವಿಪರೀತ ಖರ್ಚಾಗುತ್ತದೆ. ಸಣ್ಣ ಫೋರ್ ಸ್ಟ್ರೋಕ್ ಎಂಜಿನ್ ಇಂಧನ ಉಳಿಸುತ್ತದೆ, ಸುಟ್ಟು ಉಳಿದ ಎಣ್ಣೆಯನ್ನು ನೀರಿಗೆ ಬಿಡುವುದೂ ಕಡಿಮೆ. ಎಂಜಿನ್ ಎಷ್ಟೇ ಒಳ್ಳೆಯದಿರಲಿ, ಒಂದು ಜೊತೆ ಹುಟ್ಟು ದೋಣಿಯಲ್ಲಿರಲೇಬೇಕು.

ದೋಣಿಯ ಬೆಲೆ ಪೂರ್ತಿ ಬೆಲೆಯಲ್ಲ. ಲಂಗರು, ಹಗ್ಗ, ನೀರು ತೋಡುವ ಡಬ್ಬ, ಸಾಗಣೆ, ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ ಎಲ್ಲವನ್ನೂ ಕೂಡಿಸಿ. ಜಾಕೆಟ್ ಮೇಲೆ 150 ನ್ಯೂಟನ್ ಎಂದಿದ್ದರೆ ಅದು ಸುಮಾರು 15 ಕಿಲೋಗ್ರಾಂ ಭಾರವನ್ನು ಎತ್ತಿಹಿಡಿಯುತ್ತದೆ ಎಂದರ್ಥ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು.

ಕಾನೂನೂ ಉಂಟು. 1917ರ ಹಳೆಯ ಕಾಯಿದೆಯ ಬದಲು ಬಂದಿರುವ 2021ರ ಒಳನಾಡು ಹಡಗುಗಳ ಕಾಯಿದೆ ಯಂತ್ರಚಾಲಿತ ದೋಣಿಗಳ ತಪಾಸಣೆ, ನೋಂದಣಿಗಳನ್ನು ನಿಯಂತ್ರಿಸುತ್ತದೆ. ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯನ್ನು, ಜಲಾಶಯಕ್ಕಿಳಿಯಲು ಅದರ ಆಡಳಿತದವರನ್ನು ಮೊದಲೇ ವಿಚಾರಿಸಬೇಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶ ಮತ್ತು ಅತ್ತಿವೇರಿ ಪಕ್ಷಿಧಾಮಗಳಲ್ಲಿ ಅರಣ್ಯ ಇಲಾಖೆಯ ಮಾತೇ ಕೊನೆಯದು. ಮೀನುಗಾರ ಕುಟುಂಬಗಳಿಗೆ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಂತಹ ಸಹಾಯಧನಗಳ ಬಗೆಗೂ ಇಲಾಖೆಯಲ್ಲೇ ಕೇಳಿ. ಸಾಲ ಮಾಡಿದ ಮೇಲೆ ಕೇಳಿದರೆ ಫಲವಿಲ್ಲ.

ಕೊನೆಯದಾಗಿ, ಪೂರ್ತಿ ಹಣ ಕೊಡುವ ಮೊದಲು ದೋಣಿಯನ್ನು ನೀರಿಗಿಳಿಸಿ. ದಡದ ಬಳಿ, ಜಾಕೆಟ್ ಧರಿಸಿದ ಹಿರಿಯರು, ಈಜು ಬಲ್ಲವರು, ಪೂರ್ಣ ಹೊರೆಯೊಂದಿಗೆ ಕುಳಿತು ಪರೀಕ್ಷಿಸಲಿ. ನೀವು ಅಳತೆ ಪಟ್ಟಿ ಹಿಡಿದು ದಡದಲ್ಲಿರಿ. ಅಂಚಿನಿಂದ ನೀರಿಗೆ ಎಷ್ಟು ಉಳಿಯಿತು ಎಂದು ಬರೆದುಕೊಳ್ಳಿ. ಇಷ್ಟೇ ಜನ ಎಂಬ ಸಂಖ್ಯೆಯನ್ನು ದೋಣಿಯ ಒಳಬದಿಯಲ್ಲಿ ಎದ್ದು ಕಾಣುವಂತೆ ಬಣ್ಣದಲ್ಲಿ ಬರೆಸಿ. ಬಂದ ನೆಂಟರು ‘ಇನ್ನೊಬ್ಬರು ಹತ್ತಲಿ ಬಿಡಿ’ ಎಂದಾಗ ಅಪ್ಪನಿಗೋ ಮಾವನಿಗೋ ಬೇಡವೆನ್ನಲು ಸಂಕೋಚವಾಗಬಹುದು. ಆ ಸಂಖ್ಯೆ ಅವರ ಪರವಾಗಿ ಬೇಡವೆನ್ನುತ್ತದೆ.