ಚೀಟಿ ತಡವಾದರೆ ಸಪ್ಲೈಯರನ ತಪ್ಪೇ?

ಅಡಿಗೆಮನೆಗೆ ಆರ್ಡರಿನ ಚೀಟಿ ತಡವಾಗಿ ಬಂದರೆ ಬೈಗುಳ ತಿನ್ನುವವನು ಸಪ್ಲೈಯರ್. ನನ್ನ ಸಂಬಳದಿಂದ ಇದಕ್ಕಾಗಿ ಹಣ ಮುರಿದುಕೊಂಡದ್ದೂ ಉಂಟು. ಆದರೆ ಗಲ್ಲಾ, ಪಾರ್ಸೆಲ್, ಮಹಡಿಯ ಹಾಲ್, ಮೂರಕ್ಕೂ ಇದ್ದುದು ಒಂದೇ ಪ್ರಿಂಟರು. ಚೀಟಿಗಳು ಸರದಿಯಲ್ಲಿ ನಿಲ್ಲುತ್ತವೆ. ಮುಂದಿನದೊಂದು ಸಿಕ್ಕಿಕೊಂಡರೆ ಹಿಂದಿನವೆಲ್ಲ ಕಾಯಬೇಕು. ಗಲ್ಲಾದವರಿಗೆ ಹೇಳಿ ಅದನ್ನು ಮೊದಲು ತೆಗೆಸಿರಿ.

ಆಮೇಲೂ ನಿಧಾನವೇ? ಪ್ರಿಂಟರನ್ನು ಆರಿಸಿ, ಫೀಡ್ ಗುಂಡಿ ಒತ್ತಿಹಿಡಿದು ಮತ್ತೆ ಹಚ್ಚಿರಿ. ಬಹಳ ಪ್ರಿಂಟರುಗಳು ಆಗ ಪರೀಕ್ಷೆಯ ಚೀಟಿ ಕೊಡುತ್ತವೆ. ಅದು ಸರಸರನೆ ಬಂದರೆ ಯಂತ್ರ ನೆಟ್ಟಗಿದೆ, ದೋಷ ನೆಟ್‌ವರ್ಕಿನ ದಾರಿಯಲ್ಲಿರಬಹುದು. ನಮ್ಮಲ್ಲಿ ಸ್ಟೀಲ್ ಕಪಾಟಿನ ಹಿಂದೆ ವೈಫೈ ಸೊರಗುತ್ತಿತ್ತು. ತಂತಿ ಎಳೆದ ದಿನವೇ ಸರಿಹೋಯಿತು.

ಉತ್ತರ ಹೇಳಲು ಅವಕಾಶ ಕೊಡದೆ ದಂಡ ಹಾಕಬಾರದೆಂದು 2019ರ ವೇತನ ಸಂಹಿತೆಯಲ್ಲಿದೆ. ಆ ಪರೀಕ್ಷೆಯ ಚೀಟಿಯನ್ನು ಜೋಪಾನ ಮಾಡಿರಿ. ನನ್ನ ಹಣ ಮಾತ್ರ ಇನ್ನೂ ಬಂದಿಲ್ಲ.