ಪೆನಾಲ್ಟಿ ತಪ್ಪಿದಾಗ

ಬೆಂಗಳೂರಿನ ಆಸ್ಟಿನ್ ಟೌನ್ ಕಡೆ ಶಾಲಾ ಮಕ್ಕಳ ಫುಟ್‌ಬಾಲ್ ಪಂದ್ಯ ನಡೆಯುವಾಗ, ಗೆರೆಯಾಚೆ ನಿಂತ ಅಪ್ಪ ಅಮ್ಮಂದಿರನ್ನೂ ನೋಡಬೇಕು. ಪಂದ್ಯ ಸಮವಾಗಿ ಪೆನಾಲ್ಟಿಗೆ ಬಂತೆಂದರೆ ಕೂಗಾಟವೆಲ್ಲ ನಿಂತುಹೋಗುತ್ತದೆ. ಮೊನ್ನೆ ನನ್ನ ಪಕ್ಕದಲ್ಲಿದ್ದ ತಾಯಿ ಮಗನ ನೀರಿನ ಬಾಟಲಿಯ ಮುಚ್ಚಳ ತೆಗೆಯುವುದು, ಮತ್ತೆ ಹಾಕುವುದು, ಇದನ್ನೇ ಮಾಡುತ್ತಿದ್ದರು. ಹುಡುಗ ಚೆಂಡಿಟ್ಟ. ಗೋಲಿಗೆ 11 ಮೀಟರ್ ದೂರ. ಒದ್ದ. ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು.

ಅವನು ಮೊದಲು ತಿರುಗಿ ನೋಡಿದ್ದು ಅಮ್ಮನ ಮುಖವನ್ನು. ಅವರು ಬಾಟಲಿ ಎತ್ತಿ ತೋರಿಸಿ, 'ಬಾ ಕಂದಾ, ನೀರು ಕುಡಿ' ಅಂದರು. ಅಷ್ಟೇ. ಆ ಹುಡುಗನಿಗೆ ಆಗ ಬೇಕಾಗಿದ್ದೂ ಅಷ್ಟೇ ಅಂತ ನನಗನ್ನಿಸಿತು.

ಪೆನಾಲ್ಟಿ ತಪ್ಪುವುದು ದೊಡ್ಡ ಆಟಗಾರರಿಗೂ ಆಗುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಭಾರತ ಫುಟ್‌ಬಾಲ್ ತಂಡ ಫ್ರಾನ್ಸ್ ಎದುರು 2-1ರಿಂದ ಸೋತಿತು. ನಮ್ಮ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ಪಂದ್ಯದಲ್ಲಿ ನಮ್ಮವರು ಎರಡು ಪೆನಾಲ್ಟಿ ಕಳೆದುಕೊಂಡರು. ಒಂದನ್ನು ಒದ್ದವರು ಶೈಲೇನ್ ಮನ್ನಾ. ಎಂಥ ಸಂಕಟವಾಗಿರಬೇಕು! ಆದರೆ 1951ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡಕ್ಕೆ ಅದೇ ಮನ್ನಾ ನಾಯಕರು. ಅವರನ್ನು ಯಾರೂ ಕೈಬಿಟ್ಟಿರಲಿಲ್ಲ.

ಈ ವಾರ ನಿಮ್ಮ ಮಗುವಿನ ಪಂದ್ಯವಿದ್ದರೆ ಬಿಡುವು ಮಾಡಿಕೊಂಡು ಹೋಗಿ. ಗಂಟಲು ಕಟ್ಟುವಷ್ಟು ಕೂಗಿ ಹುರಿದುಂಬಿಸಿ. ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತ ಮಗುವಿಗೆ ಹೊಟ್ಟೆ ಹಸಿದಿರುತ್ತದೆ. ಮೊದಲು ಬಿಸಿ ಇಡ್ಲಿ ಕೊಡಿಸಿ. ಆಟದ ಮಾತನ್ನು ಅದೇ ಎತ್ತಲಿ.