ರಕ್ಷಣೆಯ ಲೆಕ್ಕ, ಮೂಲಪ್ರತಿಯ ಪ್ರಶ್ನೆ



ಕ್ರೈಸ್ತ ಮತದ ರಕ್ಷಣಾಸಿದ್ಧಾಂತವನ್ನು ಕುರಿತು ಮಾತನಾಡಬೇಕೆಂದು ಕೇಳಿದ್ದೀರಿ. ನಾನು ದೇವಶಾಸ್ತ್ರಜ್ಞನಲ್ಲ, ಲೆಕ್ಕಪರಿಶೋಧಕ. ಲೆಕ್ಕದ ಪುಸ್ತಕ ಮುಂದಿಟ್ಟರೆ, ಈ ನಮೂದನ್ನು ಯಾರು ಬರೆದರು, ಯಾವಾಗ ಬರೆದರು ಎಂದು ಕೇಳುವುದು ನನ್ನ ಅಭ್ಯಾಸ. ಆ ಅಭ್ಯಾಸದಿಂದಲೇ ಹೊರಡುತ್ತೇನೆ.

ಮಾರ್ಕನ ಸುವಾರ್ತೆಯ 16ನೆಯ ಅಧ್ಯಾಯದ 16ನೆಯ ವಚನವನ್ನು ನೋಡಿ. ನಂಬಿ ದೀಕ್ಷಾಸ್ನಾನ ಹೊಂದಿದವನಿಗೆ ರಕ್ಷಣೆ, ನಂಬದವನಿಗೆ ದಂಡನೆ ಎಂಬುದು ಅದರ ತಾತ್ಪರ್ಯ. ಮನುಕುಲವನ್ನು ಎರಡು ಪಾಲು ಮಾಡುವ ಈ ಮಾತಿಗೆ ಆಧಾರ ಗಟ್ಟಿಯಾಗಿರಬೇಕಲ್ಲವೇ? ಆದರೆ ನಾಲ್ಕನೆಯ ಶತಮಾನದ ಎರಡು ಪ್ರಮುಖ ಗ್ರೀಕ್ ಹಸ್ತಪ್ರತಿಗಳಾದ ಸಿನಾಯ್ ಪ್ರತಿ ಮತ್ತು ವ್ಯಾಟಿಕನ್ ಪ್ರತಿಗಳಲ್ಲಿ 9ರಿಂದ 20ರವರೆಗಿನ ವಚನಗಳೇ ಇಲ್ಲ. ಬರಿದಾದ ಸಮಾಧಿಯಿಂದ ಸ್ತ್ರೀಯರು ನಡುಗುತ್ತ ಓಡಿಹೋಗುತ್ತಾರೆ, ಭಯದಿಂದ ಯಾರಿಗೂ ಏನನ್ನೂ ಹೇಳುವುದಿಲ್ಲ. ಸುವಾರ್ತೆ ಅಲ್ಲಿಗೇ ನಿಲ್ಲುತ್ತದೆ. ಮುಂದುವರಿದ ಪಾಠದಲ್ಲಿಯಾದರೋ, ಅಧ್ಯಾಯದ ಮೊದಲ ವಚನದಲ್ಲೇ ಬಂದಿದ್ದ ಮಗ್ದಲದ ಮರಿಯಳನ್ನು 9ನೆಯ ವಚನ ಹೊಸಬಳೆಂಬಂತೆ ಪರಿಚಯಿಸುತ್ತದೆ. ಶಾಯಿ ಬದಲಾದ ಜಾಗ ನಮ್ಮ ಕಸುಬಿನವರಿಗೆ ಬೇಗ ಕಾಣಿಸುತ್ತದೆ.

ನ್ಯಾಯಕ್ಕಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಈ ಭಾಗ ತೀರ ಈಚಿನದಲ್ಲ. ಎರಡನೆಯ ಶತಮಾನದ ಐರೇನಿಯಸನಿಗೆ ಇದು ಗೊತ್ತಿತ್ತು, ಬಹುಪಾಲು ಗ್ರೀಕ್ ಪ್ರತಿಗಳಲ್ಲಿಯೂ ಇದೆ. ನಂಬದವನಿಗೆ ತೀರ್ಪಾಗಿದೆ ಎಂಬ ಅರ್ಥದ ಮಾತು ಯೋಹಾನನ ಸುವಾರ್ತೆಯಲ್ಲಿಯೂ ಉಂಟು. ಆದುದರಿಂದ ಈ ಒಂದು ವಚನ ಬಿದ್ದರೆ ಸಿದ್ಧಾಂತವೇ ಬಿತ್ತೆಂದು ನಾನು ವಾದಿಸುವುದಿಲ್ಲ. ಶಾಸ್ತ್ರದ ಒಂದೊಂದು ಅಕ್ಷರವೂ ದೋಷರಹಿತ ಎನ್ನುವವರನ್ನು ಮಾತ್ರ ಕೇಳುತ್ತೇನೆ: ಯಾವ ಪ್ರತಿಯ ಅಕ್ಷರ?

ಎರಡನೆಯ ಸಂಗತಿ ನೇರವಾಗಿ ನನ್ನ ವೃತ್ತಿಯದು. 1343ರಲ್ಲಿ ಆರನೆಯ ಕ್ಲೆಮೆಂಟ್ ಪೋಪರು ಒಂದು ಶಾಸನ ಹೊರಡಿಸಿದರು. ಕ್ರಿಸ್ತನ ಮತ್ತು ಸಂತರ ಪುಣ್ಯದ ಅಕ್ಷಯ ಭಂಡಾರವೊಂದಿದೆ, ಅದರಿಂದ ಪಾಪಿಗಳಿಗೆ ಹಂಚುವ ಅಧಿಕಾರ ಚರ್ಚಿಗಿದೆ ಎಂಬುದು ಅದರ ಸಾರ. ಹಂಚಿಕೆ ಕ್ರಮೇಣ ಮಾರಾಟವಾಯಿತು; 1517ರಲ್ಲಿ ಲೂಥರರು 95 ಪ್ರಬಂಧಗಳನ್ನು ಬರೆದದ್ದು ಅದಕ್ಕಾಗಿಯೇ. ಆದರೂ ಲೂಥರರು ವರ್ಗಾವಣೆಯನ್ನು ಕೈಬಿಡಲಿಲ್ಲ. ಕ್ರಿಸ್ತನ ನೀತಿ ನಂಬುವವನ ಖಾತೆಗೆ ಜಮೆಯಾಗುತ್ತದೆ ಎಂಬುದೇ ಅವರ ಬೋಧನೆಯ ತಿರುಳು. ‘ಮಾಡಿದ್ದುಣ್ಣೋ ಮಹರಾಯ’ ಎಂದು ಕೇಳಿ ಬೆಳೆದ ನನಗೆ ಇದು ಅರ್ಥವಾಗುವುದಿಲ್ಲ. ಒಬ್ಬನ ಸಾಲವನ್ನು ಮತ್ತೊಬ್ಬ ತೀರಿಸಬಹುದು, ನಿಜ. ಒಬ್ಬನ ಕ್ರೌರ್ಯವನ್ನು ಮತ್ತೊಬ್ಬನ ಸೌಜನ್ಯ ತೀರಿಸುವುದು ಹೇಗೆ? ಪೆಟ್ಟು ತಿಂದವನನ್ನು ಯಾರಾದರೂ ಕೇಳಿದರೇ? (ನಗುವ ಮೊದಲು, ಮೊದಲ ಕಳಶಕ್ಕೆ ಸವಾಲು ಕೂಗುವ ನಮ್ಮ ರೂಢಿಯನ್ನೂ ನೆನೆಯಿರಿ.)

ಇಷ್ಟೇ ಆಗಿದ್ದರೆ ಇದೊಂದು ಪಂಡಿತರ ಚರ್ಚೆಯೆಂದು ಬಿಡಬಹುದಿತ್ತು. ಆದರೆ ಈ ಲೆಕ್ಕದಲ್ಲಿ ಹಸುಗೂಸುಗಳೂ ಇದ್ದವು. ದೀಕ್ಷಾಸ್ನಾನವಿಲ್ಲದೆ ತೀರಿಕೊಂಡ ಶಿಶುಗಳಿಗೂ ದಂಡನೆಯುಂಟು, ಆದರೆ ಅತ್ಯಂತ ಸೌಮ್ಯವಾದದ್ದು ಎಂದು ಅಗಸ್ಟೀನರು ಬರೆದರು. ಮಧ್ಯಯುಗದ ಪಂಡಿತರು ಕನಿಕರಪಟ್ಟು ‘ಲಿಂಬೊ’ ಎಂಬ ನೆಲೆಯನ್ನು ಕಲ್ಪಿಸಿದರು: ಅಲ್ಲಿ ನೋವಿಲ್ಲ, ದೇವರ ದರ್ಶನವೂ ಇಲ್ಲ. ಐರ್ಲೆಂಡಿನಲ್ಲಿ ಅಂಥ ಕೂಸುಗಳನ್ನು ಚರ್ಚಿನ ಪವಿತ್ರ ನೆಲದಲ್ಲಿ ಹೂಳುತ್ತಿರಲಿಲ್ಲ. ಊರಾಚೆ ‘ಕಿಲ್ಲೀನ್’ ಎಂಬ ಪ್ರತ್ಯೇಕ ಜಾಗಗಳಿದ್ದವು, ಇಪ್ಪತ್ತನೆಯ ಶತಮಾನದಲ್ಲಿಯೂ ಬಳಕೆಯಲ್ಲಿದ್ದವು. ಹೆತ್ತವಳ ದುಃಖದ ಮೇಲೆ ಸಿದ್ಧಾಂತದ ಮೊಹರು ಬಿದ್ದದ್ದು ಹೀಗೆ.

2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗ ಈ ವಿಷಯವನ್ನು ಮತ್ತೆ ಕೈಗೆತ್ತಿಕೊಂಡು, ಆ ಶಿಶುಗಳ ರಕ್ಷಣೆಯನ್ನು ಆಶಿಸಲು ಗಂಭೀರ ಕಾರಣಗಳಿವೆ ಎಂದಿತು. ಮಾನವೀಯ ಮಾತು, ಸ್ವಾಗತಿಸುತ್ತೇನೆ. ಆದರೆ ಇದು ಆಶೆಯೇ ಹೊರತು ಖಚಿತ ಜ್ಞಾನವಲ್ಲ ಎಂದೂ ಅದೇ ವರದಿ ಎಚ್ಚರಿಸುತ್ತದೆ. ಹಾಗಿದ್ದರೆ, ಅಷ್ಟು ಶತಮಾನ ಆ ತಾಯಂದಿರಿಗೆ ಊರಾಚೆಯ ಕುಣಿ ತೋರಿಸಿದ್ದು ಯಾವ ಖಚಿತ ಜ್ಞಾನದ ಬಲದಿಂದ? ಇಲ್ಲಿರುವ ಕ್ರೈಸ್ತ ಮಿತ್ರರು ಉತ್ತರಿಸುವುದಾದರೆ ಕುಳಿತು ಕೇಳುತ್ತೇನೆ.